ಕೊನೆಯ ಬೆಂಚಿನಿಂದ

ವರ್ಷಕ್ಕೊಮ್ಮೆ ನಿಮ್ಮ ಶಾಲೆಗೆ ಕೆಲವು ಹೊಸ ಮುಖಗಳು ಬರುತ್ತವೆ. ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆ, ಕೈಯಲ್ಲಿ ಬಣ್ಣದ ಸೀಮೆಸುಣ್ಣದ ಡಬ್ಬಿ, ಎದೆಗವಚಿಕೊಂಡ ಪಾಠಯೋಜನೆಯ ದಪ್ಪ ಪುಸ್ತಕ. ಇಷ್ಟನ್ನೂ ಹೊತ್ತು, ತರಗತಿಯ ಬಾಗಿಲಲ್ಲಿ ಒಂದು ಕ್ಷಣ ತಡೆದು ನಿಂತು, ಬಳಿಕ ಒಳಗೆ ಕಾಲಿಡುವ ಆ ತರುಣ ತರುಣಿಯರನ್ನು ನೀವು ಬಲ್ಲಿರಿ. ಅವರು ಪ್ರಶಿಕ್ಷಣಾರ್ಥಿಗಳು. ಅವರು ಪಾಠ ಹೇಳುವಾಗ ನಿಮ್ಮಲ್ಲಿ ಕೆಲವರು ಸೌಜನ್ಯದಿಂದ ಸುಮ್ಮನಿರುತ್ತೀರಿ; ಕೆಲವರು ಅವರ ಸಹನೆಯನ್ನು ಅಳೆಯಲೆಂದೇ ಪ್ರಶ್ನೆ ಕೇಳುತ್ತೀರಿ. ಅದರಲ್ಲಿ ದೊಡ್ಡ ತಪ್ಪೇನೂ ಇಲ್ಲ. ನಾನೂ ನನ್ನ ಕಾಲದಲ್ಲಿ ಹಾಗೆ ಮಾಡಿದವಳೇ. ಆದರೆ ತಮ್ಮ ಪಾಠವಿಲ್ಲದ ಅವಧಿಗಳಲ್ಲಿ ಅವರು ಎಲ್ಲಿರುತ್ತಾರೆ ಎಂಬುದನ್ನು ಗಮನಿಸಿದ್ದೀರಾ? ತರಗತಿಯ ಕೊನೆಯ ಬೆಂಚಿನಲ್ಲಿ, ತಮಗಿಂತ ಚಿಕ್ಕವರಿಗಾಗಿ ಮಾಡಿಸಿದ ಇಕ್ಕಟ್ಟಾದ ಜಾಗದಲ್ಲಿ ಹೇಗೋ ಹೊಂದಿಕೊಂಡು ಕುಳಿತು, ಅವರು ಏನನ್ನೋ ಬರೆದುಕೊಳ್ಳುತ್ತಿರುತ್ತಾರೆ. ಆ ಕೆಲಸಕ್ಕೆ ‘ತರಗತಿ ಅವಲೋಕನ’ ಎಂದು ಹೆಸರು.

ಶಿಕ್ಷಕರಾಗುವವರಿಗೆ ಪಾಠ ಹೇಳುವ ಕೆಲಸಕ್ಕಿಂತ ಈ ಕೊನೆಯ ಬೆಂಚಿನ ಕೆಲಸವೇ ಹೆಚ್ಚು ಕಷ್ಟದ್ದು, ಹೆಚ್ಚು ಅಗತ್ಯವಾದದ್ದು. ನಾವು ಅದನ್ನೇ ಅತ್ಯಂತ ಅಗ್ಗವಾಗಿ ಕಾಣುತ್ತಿದ್ದೇವೆ. ಇದು ನನ್ನ ಅಭಿಪ್ರಾಯ. ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಕುಳಿತು, ತಪ್ಪು ಮಾಡಿ, ತಿದ್ದಿಕೊಂಡು ನಾನು ಈ ಅಭಿಪ್ರಾಯಕ್ಕೆ ಬಂದಿದ್ದೇನೆ.

ಗುರುಗಳನ್ನು ತರಬೇತುಗೊಳಿಸುವ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ, ಸವಣೂರು ಸಂಸ್ಥಾನವನ್ನು ಬಿಟ್ಟರೆ ಈ ಪ್ರದೇಶವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಧಾರವಾಡದ ನಾರ್ಮಲ್ ಶಾಲೆಯಲ್ಲಿ ಹಳ್ಳಿಯ ಮಾಸ್ತರರು ಸಿದ್ಧರಾಗುತ್ತಿದ್ದರು. ಡೆಪ್ಯೂಟಿ ಚನ್ನಬಸಪ್ಪನವರು ಆ ಶಾಲೆಯ ಮುಖ್ಯಸ್ಥರಾಗಿದ್ದರು. ಮರಾಠಿಯೇ ಶಾಲೆಯ ಭಾಷೆಯಾಗಿ ಮೆರೆಯುತ್ತಿದ್ದ ದಿನಗಳಲ್ಲಿ ಊರೂರಿಗೆ ಹೋಗಿ ಕನ್ನಡ ಶಾಲೆಗಳನ್ನು ತೆರೆಯಿಸಿದ ಪುಣ್ಯ ಅವರದು. ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾದವನಿಗೆ ಆಗ ಮಾಸ್ತರಿಕೆ ಸಿಗುತ್ತಿತ್ತು. ನಾವು ಓದುವ ಹೊತ್ತಿಗೆ ವ್ಯವಸ್ಥೆ ಬಹಳ ಬೆಳೆದಿತ್ತು. ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ ೨೦೧೪ರ ನಿಯಮಾವಳಿಯಿಂದ ಬಿ.ಎಡ್. ಶಿಕ್ಷಣ ಒಂದು ವರ್ಷದ ಬದಲು ಎರಡು ವರ್ಷಗಳದಾಗಿ, ಅದರಲ್ಲಿ ೨೦ ವಾರಗಳನ್ನು ಶಾಲೆಯಲ್ಲಿಯೇ ಕಳೆಯಬೇಕೆಂದಾಗಿತ್ತು: ಮೊದಲ ವರ್ಷ ೪ ವಾರ, ಎರಡನೆಯ ವರ್ಷ ೧೬ ವಾರ. ನನ್ನ ಪಾಲಿನ ವಾರಗಳು ಹಾನಗಲ್ಲಿನಲ್ಲಿ ಎರಡು, ಶಿಗ್ಗಾವಿಯಲ್ಲಿ ಎರಡು, ಸವಣೂರಿನಲ್ಲಿ ಎಂಟು, ಹಿರೇಕೆರೂರಿನಲ್ಲಿ ಎಂಟು ಎಂದು ಹಂಚಿಕೆಯಾದವು. ಗೆಳತಿಯರು ನನ್ನ ಅಲೆದಾಟಕ್ಕೆ ಮರುಗಿದರು. ನಾನೂ ಮೊದಲು ಗೊಣಗಿದೆ.

ಹಾನಗಲ್ಲು ಮಲೆನಾಡಿನ ಸೆರಗಿನ ಊರು. ಆನೆಕೆರೆಯ ನೀರು, ತಾರಕೇಶ್ವರ ದೇವಾಲಯದ ಛತ್ತಿನಲ್ಲಿ ಕಲ್ಲೇ ಅರಳಿದಂತಿರುವ ಕಮಲ, ಊರಾಚೆ ಭತ್ತದ ಗದ್ದೆ. ಆ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ನನ್ನ ಮೊದಲ ಅವಲೋಕನ. ಎಂಟನೆಯ ತರಗತಿ, ಗಣಿತದ ಪಾಠ. ನನ್ನ ಕೈಯಲ್ಲಿ ಮುದ್ರಿತ ನಮೂನೆಯೊಂದಿತ್ತು. ಪೀಠಿಕೆ, ಪ್ರಶ್ನಿಸುವ ಕೌಶಲ, ಕಪ್ಪುಹಲಗೆಯ ಬಳಕೆ, ಪುನರ್ಬಲನ, ಮುಕ್ತಾಯ ಎಂದು ಸಾಲುಸಾಲಾಗಿ ಕಲಂಗಳು. ಪ್ರತಿಯೊಂದರ ಎದುರಿಗೂ ‘ಉತ್ತಮ’, ‘ಸಾಧಾರಣ’, ‘ಕಳಪೆ’ ಎಂಬ ಮೂರು ಮನೆಗಳು. ಪಾಠ ಮಾಡುತ್ತಿದ್ದವರು ಇಪ್ಪತ್ತು ವರ್ಷಗಳ ಅನುಭವಸ್ಥರು. ನಾನು ಎಲ್ಲ ಮನೆಗಳಲ್ಲಿಯೂ ‘ಉತ್ತಮ’ ಎಂದು ಗುರುತು ಹಾಕಿ, ನಮೂನೆಯನ್ನು ಅವರ ಸಹಿಗಾಗಿ ಒಯ್ದೆ.

ಅವರು ಅದನ್ನು ನೋಡಿ ನಕ್ಕರು. “ಇದು ನನ್ನ ಮಾತಾತು. ಕಿಟಕಿ ಹತ್ತಿರ ಕುಂತಿದ್ದ ನೀಲಿ ಚೀಲದ ಹುಡುಗ ಏನು ಮಾಡಿದ, ಹೇಳ್ರಿ ನೋಡೋಣ” ಎಂದರು. ನನಗೆ ನೀಲಿ ಚೀಲವೂ ನೆನಪಿಗೆ ಬರಲಿಲ್ಲ, ಹುಡುಗನೂ ಬರಲಿಲ್ಲ. ನಲವತ್ತು ನಿಮಿಷ ನಾನು ಕಪ್ಪುಹಲಗೆಯನ್ನು ನೋಡಿದ್ದೆ. ಅವರ ಕೈಬರಹ ಸುಂದರವಾಗಿತ್ತು. ಅಷ್ಟೇ ನನಗೆ ಕಂಡದ್ದು.

ಮರುದಿನ ನಮೂನೆಯನ್ನು ಮಡಿಚಿಟ್ಟು, ಒಂದು ಬಿಳಿ ಹಾಳೆಯ ಮೇಲೆ ತರಗತಿಯ ಬೆಂಚುಗಳ ನಕ್ಷೆ ಬರೆದುಕೊಂಡೆ. ಯಾರು ಬಾಯಿ ತೆರೆದರೋ ಅವರ ಜಾಗದಲ್ಲಿ ಒಂದು ಗೆರೆ. ಅವಧಿ ಮುಗಿದಾಗ ಮುಂದಿನ ಎರಡು ಸಾಲುಗಳಲ್ಲಿ ಗೆರೆಗಳು ಬೇಲಿಯಂತೆ ಒತ್ತೊತ್ತಾಗಿ ನಿಂತಿದ್ದವು. ಹಿಂದಿನ ನಾಲ್ಕು ಸಾಲುಗಳಲ್ಲಿ ಎರಡೇ ಎರಡು ಗೆರೆ. ಅವುಗಳಲ್ಲಿ ಒಂದು, ನೀರು ಕುಡಿಯಲು ಹೋಗಲೇ ಎಂದು ಕೇಳಿದ ಹುಡುಗಿಯದು. ಆ ಶಿಕ್ಷಕರು ಒಳ್ಳೆಯವರು; ಯಾರನ್ನೂ ಕಡೆಗಣಿಸಬೇಕೆಂಬ ಮನಸ್ಸು ಅವರಿಗಿರಲಿಲ್ಲ. ಪಾಠ ಹೇಳುವವನ ಕಣ್ಣು ಎತ್ತಿದ ಕೈಗಳ ಕಡೆಗೆ ತಾನಾಗಿ ಹರಿಯುತ್ತದೆ. ಎತ್ತದ ಕೈಗಳನ್ನು ನೋಡಲು ಪಾಠದ ಹೊರೆಯಿಲ್ಲದ ಇನ್ನೊಂದು ಕಣ್ಣು ಬೇಕು. ನಾನು ಹಾಳೆಯನ್ನು ತೋರಿಸಿದಾಗ ಅವರು ಅದನ್ನು ಬಹಳ ಹೊತ್ತು ನೋಡಿ, ಕೇಳಿ ಪಡೆದು, ತಮ್ಮ ಹಾಜರಿ ಪುಸ್ತಕದಲ್ಲಿ ಇಟ್ಟುಕೊಂಡರು.

ಅದೇ ವಾರ ಮಕ್ಕಳ ಮನೆಗೆಲಸದ ಪುಸ್ತಕಗಳನ್ನು ತಿದ್ದುವ ಕೆಲಸ ನನಗೆ ಬಂದಿತು. ಗದ್ದೆಯೊಂದರ ಉದ್ದ ೬೦ ಮೀಟರ್, ಅಗಲ ೪೦ ಮೀಟರ್. ಅದರ ವಿಸ್ತೀರ್ಣವೆಷ್ಟು ಎಂಬುದು ಲೆಕ್ಕ. ಉತ್ತರ ೨,೪೦೦ ಚದರ ಮೀಟರ್. ನೀಲಿ ಚೀಲದ ಹುಡುಗ ೨,೩೦೧ ಎಂದು ಬರೆದಿದ್ದ. ನಾನು ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದು ಮುಂದಿನ ಪುಸ್ತಕಕ್ಕೆ ಕೈಹಾಕಿದೆ. ಆದರೆ ಆ ಸಂಖ್ಯೆ ನನ್ನನ್ನು ಕಾಡಿತು. ಗುಣಾಕಾರ ತಪ್ಪಿದವನು ೨,೩೦೧ಕ್ಕೆ ಬಂದು ಮುಟ್ಟುವುದು ಸುಲಭವಲ್ಲ. ಸಂಜೆ ಅವನನ್ನು ಕರೆದು ಕೇಳಿದೆ. ಅವನು ನೆಲವನ್ನೇ ನೋಡುತ್ತ, “ಸುತ್ತ ಬದುವು ಇರ್ತತಲ್ರಿ ಟೀಚರ್. ಒಂದೊಂದ ಕಡೆ ಅರ್ಧ ಮೀಟರ್ ಹಿಡದೆ. ಬದುವಿನ ಮ್ಯಾಗ ಭತ್ತ ಬೆಳ್ಯಂಗಿಲ್ರಿ” ಎಂದ. ೫೯ನ್ನು ೩೯ರಿಂದ ಗುಣಿಸಿ ನೋಡಿ; ೨,೩೦೧ ಬರುತ್ತದೆ. ಲೆಕ್ಕ ಕೇಳಿದ್ದು ವಿಸ್ತೀರ್ಣವನ್ನು; ಅವನು ಹೇಳಿದ್ದು ಬೆಳೆಯನ್ನು. ಪರೀಕ್ಷೆಯಲ್ಲಿ ಅವನಿಗೆ ಅಂಕ ಸಿಗಲಾರದು ಎಂಬುದು ನಿಜ, ಅದನ್ನೂ ನಾನು ಅವನಿಗೆ ತಿಳಿಸಿದೆ. ಆದರೆ ಆ ತರಗತಿಯಲ್ಲಿ ಗದ್ದೆಯನ್ನು ಕಣ್ಣೆದುರಿಗೆ ತಂದುಕೊಂಡು ಲೆಕ್ಕ ಮಾಡಿದವನು ಅವನೊಬ್ಬನೇ. ನನ್ನ ಕೆಂಪುಗೆರೆಯ ಪಕ್ಕದಲ್ಲಿ ನಾನೇ ಇನ್ನೊಂದು ಸಾಲು ಬರೆಯಬೇಕಾಯಿತು.

ಹಾನಗಲ್ಲಿನಿಂದ ಶಿಗ್ಗಾವಿಗೆ ಹೋದಾಗ ಈ ಹುಡುಗ ನನ್ನ ತಲೆಯಲ್ಲಿಯೇ ಇದ್ದ. ಶಿಗ್ಗಾವಿ ತಾಲ್ಲೂಕಿನ ಬಾಡವು ಕನಕದಾಸರ ಹುಟ್ಟೂರು. ವ್ಯಾಸರಾಯರು ಶಿಷ್ಯರಿಗೆಲ್ಲ ಒಂದೊಂದು ಬಾಳೆಯಹಣ್ಣು ಕೊಟ್ಟು, ಯಾರೂ ಕಾಣದ ಕಡೆ ತಿಂದುಬನ್ನಿ ಎಂದ ಕಥೆಯನ್ನು ನೀವೆಲ್ಲ ಕೇಳಿದ್ದೀರಿ. ಎಲ್ಲರೂ ತಿಂದು ಬಂದರು. ಕನಕನೊಬ್ಬ ಹಣ್ಣನ್ನು ಹಾಗೆಯೇ ಮರಳಿ ತಂದ. ಭಗವಂತ ಕಾಣದ ಸ್ಥಳ ಸಿಗಲಿಲ್ಲ ಎಂಬುದು ಅವನ ಉತ್ತರ. ಈ ಕಥೆಯನ್ನು ನಾವು ಕನಕನ ಭಕ್ತಿಯನ್ನು ಹೊಗಳಲು ಹೇಳುತ್ತೇವೆ. ಪ್ರಶಿಕ್ಷಣಾರ್ಥಿಯಾಗಿ ನಾನು ಗುರುವಿನ ಕಡೆಯಿಂದ ಅದನ್ನು ನೋಡಿದೆ. ಒಪ್ಪಿಸಿದ ಕೆಲಸವನ್ನು ಮಾಡದೆ ಬಂದ ಶಿಷ್ಯನೊಬ್ಬ ಎದುರಿಗೆ ನಿಂತಿದ್ದಾನೆ. ಸಹಪಾಠಿಗಳು ನಗುತ್ತಿದ್ದಾರೆ. ವ್ಯಾಸರಾಯರು ಆಗ ‘ಏಕೆ?’ ಎಂದು ಕೇಳದೆ ಹೋಗಿದ್ದರೆ ಆ ಕಥೆಯೇ ಹುಟ್ಟುತ್ತಿರಲಿಲ್ಲ. ಕನಕನ ಹೆಸರಿನ ಮುಂದೆ ಒಂದು ಅಡ್ಡಗೆರೆ ಬಿದ್ದಿರುತ್ತಿತ್ತು, ಅಷ್ಟೆ.

ಅದೇ ತಾಲ್ಲೂಕಿನ ಶಿಶುನಾಳದಲ್ಲಿ ೧೮೧೯ರಲ್ಲಿ ಹುಟ್ಟಿದ ಶರೀಫರ ಬಗೆಗೂ ಇಂಥದೇ ಒಂದು ಕಥೆಯನ್ನು ಜನ ಹೇಳುತ್ತಾರೆ. ಶರೀಫರು ಮುಲ್ಕಿ ಪರೀಕ್ಷೆ ಮುಗಿಸಿ ಕೆಲವು ಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದವರು ಎಂಬುದು ಅವರ ಪದಗಳನ್ನು ಹಾಡುವ ಎಷ್ಟೋ ಮಂದಿಗೆ ತಿಳಿಯದು. ಕಳಸದ ಗೋವಿಂದಭಟ್ಟರು ಅವರನ್ನು ಪರೀಕ್ಷಿಸಲು, ನಿನ್ನ ತಂದೆ ಯಾರು ಎಂದು ಕೇಳಿದರಂತೆ. ನಿಮ್ಮ ತಂದೆ ಯಾರೋ ನನ್ನ ತಂದೆಯೂ ಅವನೇ ಎಂದು ಶರೀಫರು ಉತ್ತರಿಸಿದರಂತೆ. ನೆರೆದವರಿಗೆ ಅದು ಉದ್ಧಟತನವಾಗಿ ಕೇಳಿಸಿತು. ಗುರುವಿಗೆ ಹಾಗೆ ಕೇಳಿಸಲಿಲ್ಲ. ಒಂದೇ ತಾಲ್ಲೂಕಿನ ಇಬ್ಬರು ಮಹಾನುಭಾವರ ಕಥೆಗಳೂ ಗುರುವಿನ ಕಿವಿಯ ಮೇಲೆ ನಿಂತಿರುವುದು ನನಗೆ ಆಕಸ್ಮಿಕವೆನ್ನಿಸುವುದಿಲ್ಲ. ಕಥೆ ಕಟ್ಟಿದ ಜನರಿಗೆ ಗುರುವಿನ ಕೆಲಸವೇನೆಂಬುದು ಚೆನ್ನಾಗಿ ಗೊತ್ತಿತ್ತು.

ಶಿಗ್ಗಾವಿಯಲ್ಲಿ ಒಂದು ದಿನ ನಮ್ಮನ್ನು ಕಿರಿಯ ಪ್ರಾಥಮಿಕ ಶಾಲೆಯೊಂದಕ್ಕೆ ಕರೆದೊಯ್ದರು. ಅಲ್ಲಿ ನಲಿ-ಕಲಿ ನಡೆಯುತ್ತಿತ್ತು. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿದ ಪದ್ಧತಿಯದು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪುಗುಂಪಾಗಿ ಕುಳಿತಿದ್ದರು. ಶಿಕ್ಷಕರ ನೆರವು ಪೂರ್ತಿಯಾಗಿ ಬೇಕಾದವರದು ಒಂದು ಗುಂಪು, ತಾವೇ ಕಲಿಯಬಲ್ಲವರದು ಇನ್ನೊಂದು, ನಡುವೆ ಗೆಳೆಯರ ನೆರವಿನಿಂದ ಕಲಿಯುವವರು. ಪ್ರತಿ ಮಗುವೂ ತನ್ನ ಕಾರ್ಡು ಮುಗಿಸಿ ತನ್ನ ಏಣಿಯ ಮುಂದಿನ ಮೆಟ್ಟಿಲಿಗೆ ಹೋಗಬೇಕು. ಆ ಪದ್ಧತಿಯಲ್ಲಿ ಕೊರತೆಗಳೂ ಉಂಟು. ಒಬ್ಬರೇ ಶಿಕ್ಷಕಿ ಐದು ಗುಂಪುಗಳ ನಡುವೆ ಬೆವರುತ್ತಿದ್ದುದನ್ನು ಕಂಡೆ. ಆದರೆ ಒಂದು ಮಾತು ಸತ್ಯ: ಅಲ್ಲಿ ಶಿಕ್ಷಕಿಗೆ ಪ್ರತಿಯೊಂದು ಮಗುವನ್ನೂ ನೋಡದೆ ಗತ್ಯಂತರವಿಲ್ಲ. ಏಳು ವರ್ಷದ ಮಗುವಿಗೆ ದೊರೆಯುವ ಈ ನೋಟ ಹದಿನಾಲ್ಕರ ಹೊತ್ತಿಗೆ ಏಕೆ ತಪ್ಪಿಹೋಗಬೇಕು? ಹದಿನಾಲ್ಕರಲ್ಲಿ ಅದು ಇನ್ನೂ ಹೆಚ್ಚು ಬೇಕಾಗುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಎರಡನೆಯ ವರ್ಷ ಸವಣೂರಿಗೆ ಬಂದಾಗ ನೋಡುವ ಕೆಲಸಕ್ಕೆ ಇನ್ನೊಂದು ಹೊಣೆ ಸೇರಿತು. ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಗೂ ಐದು ಮಂದಿ ವಿದ್ಯಾರ್ಥಿಗಳನ್ನು ಒಪ್ಪಿಸಿ, ಅವರಿಗೆ ಮಾರ್ಗದರ್ಶಕರಾಗಿರಿ ಎಂದರು. ಮಾರ್ಗದರ್ಶನವೆಂದರೆ ಬುದ್ಧಿವಾದ ಹೇಳುವುದು ಎಂದು ನಾನು ತಿಳಿದಿದ್ದೆ. ಮೊದಲ ದಿನವೇ ಐವರನ್ನೂ ಬೇವಿನ ಮರದ ಕೆಳಗೆ ಕೂರಿಸಿ, ಸಮಯಪಾಲನೆಯ ಮಹತ್ತ್ವವನ್ನು ಅರ್ಧ ಗಂಟೆ ವಿವರಿಸಿದೆ. ಐವರೂ ಆಕಳಿಸದೆ ಕೇಳಿದರು. ಅದು ಅವರ ಒಳ್ಳೆಯತನ.

ಆ ಐವರಲ್ಲಿ ಒಬ್ಬ ಹುಡುಗ ಕನ್ನಡದ ಅವಧಿಯಲ್ಲಿ ಬಾಯಿಯನ್ನೇ ಬಿಡುತ್ತಿರಲಿಲ್ಲ. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುವನು. ಕುಳಿತುಕೋ ಎನ್ನುವವರೆಗೂ ನಿಂತೇ ಇರುವನು. ಮಂದಬುದ್ಧಿಯವನೆಂದು ತರಗತಿಯ ತೀರ್ಮಾನವಾಗಿತ್ತು. ಅವನ ಮನೆಯ ಮಾತು ಉರ್ದು. ಸವಣೂರು ನವಾಬರು ಆಳಿದ ಊರು. ಅಲ್ಲಿನ ಬೀದಿಗಳಲ್ಲಿ ಕನ್ನಡ ಮತ್ತು ಉರ್ದು ಒಂದರೊಡನೊಂದು ಬೆರೆತೇ ಓಡಾಡುತ್ತವೆ. ಪುಸ್ತಕದ ಕನ್ನಡ ಮಾತ್ರ ಆ ಬೀದಿಗಳಿಗೆ ಇಳಿದು ಬರುವುದಿಲ್ಲ. ಊರಿನ ದೊಡ್ಡಹುಣಸೆ ಮಠದ ಆವರಣದ ಬೃಹದಾಕಾರದ ಮರಗಳು ಪ್ರಸಿದ್ಧವಾದವು. ಅವು ನಮ್ಮ ಹುಣಸೆಯ ಜಾತಿಯವಲ್ಲ, ಆಫ್ರಿಕದ ಮೂಲದವು; ಕಾಂಡವನ್ನು ತಬ್ಬಲು ಹತ್ತಾರು ಜನ ಕೈ ಜೋಡಿಸಬೇಕು. ಒಂದು ದಿನ ಪ್ರಬಂಧದ ಅವಧಿಯಲ್ಲಿ, ಹುಣಸೆಯಲ್ಲದ ಮರಕ್ಕೆ ‘ದೊಡ್ಡಹುಣಸೆ’ ಎಂಬ ಹೆಸರು ಏಕೆ ಬಂದಿರಬಹುದು ಎಂದು ಕೇಳಿದೆ. ಎಲ್ಲರೂ ಸುಮ್ಮನಾದರು. ಆ ಹುಡುಗ ಎದ್ದು ನಿಂತ. ಈ ಬಾರಿ ಯಾರೂ ಅವನನ್ನು ಎಬ್ಬಿಸಿರಲಿಲ್ಲ. “ನಮ್ಮ ಅಜ್ಜ ಅದಕ್ಕ ಗೋರಖ್ ಇಮ್ಲಿ ಅಂತಾರ್ರಿ. ಇಮ್ಲಿ ಅಂದ್ರನೂ ಹುಣಸಿನ ರೀ. ಕಾಯಿ ಒಳಗಿಂದು ಹುಳಿ ಐತ್ರಿ, ಅದಕ್ಕ” ಎಂದ. ಎರಡು ಭಾಷೆಯ ಜನ, ಬೇರೆ ಖಂಡದಿಂದ ಬಂದ ಒಂದು ಮರಕ್ಕೆ, ನಾಲಗೆಯ ರುಚಿಯಿಂದಲೇ ಹೆಸರಿಟ್ಟಿದ್ದರು! ಇಷ್ಟನ್ನು ಬಲ್ಲ ಹುಡುಗ ಮಂದಬುದ್ಧಿಯವನಾಗುವುದು ಹೇಗೆ? ಅವನಿಗೆ ತಿಳಿವಳಿಕೆಯ ಕೊರತೆಯಿರಲಿಲ್ಲ. ತಪ್ಪು ಕನ್ನಡ ಆಡಿ ನಗೆಗೀಡಾಗುವ ಭಯವಿತ್ತು.

ಇದೇ ಸವಣೂರಿನಲ್ಲಿ ೧೯೦೯ರಲ್ಲಿ ಹುಟ್ಟಿದವರು ವಿನಾಯಕ ಕೃಷ್ಣ ಗೋಕಾಕರು. ಅವರ ಅಧ್ಯಕ್ಷತೆಯ ಸಮಿತಿ ೧೯೮೧ರಲ್ಲಿ ಪ್ರೌಢಶಾಲೆಗಳಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದು ವರದಿ ಕೊಟ್ಟಿತು. ಅದರ ಜಾರಿಗಾಗಿ ನಡೆದ ಚಳವಳಿ ನಾಡನ್ನೇ ಎಬ್ಬಿಸಿತು. ಕನ್ನಡಕ್ಕೆ ಶಾಲೆಯಲ್ಲಿ ಅಗ್ರಸ್ಥಾನ ಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅಗ್ರಸ್ಥಾನವನ್ನು ಆಜ್ಞೆಯಿಂದ ಪಡೆಯುವುದು ಒಂದು, ಮಗುವಿನ ನಾಲಗೆಯ ಮೇಲೆ ಪಡೆಯುವುದು ಇನ್ನೊಂದು. ಉರ್ದು ಮನೆಯ, ಲಂಬಾಣಿ ತಾಂಡೆಯ ಮಗು ತನ್ನ ಮನೆಮಾತನ್ನು ಶಾಲೆಯ ಬಾಗಿಲ ಹೊರಗೆ ಚಪ್ಪಲಿಯಂತೆ ಬಿಟ್ಟು ಒಳಗೆ ಬರಬೇಕೆಂದರೆ, ಒಳಗೆ ಬಂದ ಮೇಲೆ ಅದು ಮಾತನ್ನೇ ಆಡದು. ಅಂದಿನಿಂದ ಆ ಹುಡುಗನಿಗೆ ಮೊದಲು ಹೇಗೆ ತೋರುತ್ತದೋ ಹಾಗೆ ಹೇಳು, ಆಮೇಲೆ ಇಬ್ಬರೂ ಕೂಡಿ ಪುಸ್ತಕದ ಕನ್ನಡಕ್ಕೆ ತಿರುಗಿಸೋಣ ಎಂದೆ. ಎಂಟು ವಾರಗಳಲ್ಲಿ ಅವನೇನೂ ಪಂಡಿತನಾಗಲಿಲ್ಲ. ಅಕ್ಷರ ತಪ್ಪುಗಳು ಹಾಗೆಯೇ ಇದ್ದವು. ಆದರೆ ಹೆಚ್ಚು ಬರೆದವನಲ್ಲಿ ಮಾತ್ರವೇ ಹೆಚ್ಚು ತಪ್ಪುಗಳು ಕಾಣಸಿಗುತ್ತವೆ.

ಈಗ ಹಿರೇಕೆರೂರಿನ ಮಾತು. ಇದನ್ನು ಹೇಳುವುದಕ್ಕೆ ನನಗೆ ಸ್ವಲ್ಪ ಸಂಕೋಚವಿದೆ.

ಅಲ್ಲಿ ನನಗೆ ಒಪ್ಪಿಸಿದ ಐವರಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳಿದ್ದಳು. ನಾನು ಹೋದ ಮೊದಲ ಎರಡು ವಾರಗಳಲ್ಲಿ ಅವಳನ್ನು ನೋಡಲೇ ಇಲ್ಲ. ನನ್ನ ಮಾರ್ಗದರ್ಶನ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ‘ಗೈರು’, ‘ಗೈರು’, ‘ಗೈರು’ ಎಂದು ನೇರವಾದ ಸಾಲೊಂದು ಬೆಳೆಯಿತು. ನಾಲ್ವರ ಪುಟಗಳು ತುಂಬುತ್ತಿದ್ದವು. ಐದನೆಯ ಪುಟ ಖಾಲಿಯಿದ್ದರೂ ನನ್ನ ಅಂಕಗಳಿಗೆ ಬಾಧೆಯಿರಲಿಲ್ಲ. ನಾನು ಸುಮ್ಮನಿದ್ದೆ. ಹಾನಗಲ್ಲಿನಲ್ಲಿ ಎತ್ತದ ಕೈಗಳನ್ನು ಎಣಿಸಿ ಹೆಮ್ಮೆಪಟ್ಟವಳಿಗೆ, ಬೆಂಚಿನಲ್ಲಿಯೇ ಇಲ್ಲದ ಕೈಗಳನ್ನೂ ಎಣಿಸಬೇಕೆಂದು ಹೊಳೆಯಲಿಲ್ಲ. ಕೊನೆಗೆ ಆ ಶಾಲೆಯ ವಿಜ್ಞಾನ ಶಿಕ್ಷಕಿಯೇ ಒಂದು ಸಂಜೆ, “ಬರ್ರಿ, ಆಕೀ ಮನೀಗೆ ಹೋಗಿ ಬರೋಣ” ಎಂದು ನನ್ನನ್ನು ಹೊರಡಿಸಿದರು.

ಮನೆಯಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಹೊಲದಲ್ಲಿದ್ದರು, ಅದು ಹತ್ತಿಯ ಬೀಜದ ಹೊಲ. ೧೯೭೨ರಲ್ಲಿ ಧಾರವಾಡದಲ್ಲಿ ‘ವರಲಕ್ಷ್ಮಿ’ ಎಂಬ ಸಂಕರ ಹತ್ತಿ ಸಿದ್ಧವಾದಂದಿನಿಂದ ಈ ಭಾಗದ ರೈತರಿಗೆ ಸಂಕರ ಬೀಜ ತಯಾರಿಸುವ ಕೆಲಸ ಪರಿಚಿತ. ಜನ ಅದನ್ನು ‘ಕ್ರಾಸಿಂಗ್’ ಎನ್ನುತ್ತಾರೆ. ಹತ್ತಿಯ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗಗಳಿರುತ್ತವೆ. ಮರುದಿನ ಅರಳಬೇಕಾದ ಮೊಗ್ಗನ್ನು ಹಿಂದಿನ ದಿನ ಮಧ್ಯಾಹ್ನದ ಮೇಲೆ ಬಿಡಿಸಿ, ಅದರ ದಳಗಳನ್ನೂ ಕೇಸರಗಳನ್ನೂ ಹೆಬ್ಬೆರಳಿನ ಉಗುರಿನಿಂದ ಸುತ್ತಲೂ ಸೀಳಿ ತೆಗೆಯಬೇಕು. ಬೆಳಗ್ಗೆ ಬೇರೆ ತಳಿಯ ಹೂವನ್ನು ತಂದು ಅದರ ಪರಾಗವನ್ನು ಉಳಿದ ಶಲಾಕಾಗ್ರಕ್ಕೆ ಸವರಬೇಕು. ಒಂದೊಂದು ಗಿಡ, ಒಂದೊಂದು ಮೊಗ್ಗು, ದಿನವೂ ಬೆಳಗ್ಗೆ ಮತ್ತು ಸಂಜೆ, ಸುಮಾರು ಎರಡು ತಿಂಗಳು. ಯಂತ್ರಕ್ಕೆ ಸಾಧ್ಯವಾಗದ ಕೆಲಸವದು. ಸಣ್ಣ ಬೆರಳುಗಳು ಬೇಕು. ಆ ತಿಂಗಳುಗಳಲ್ಲಿ ಬೀಜದ ಹೊಲಗಳಿರುವ ಹಳ್ಳಿಗಳ ಶಾಲೆಯ ಬೆಂಚುಗಳು ಏಕೆ ಖಾಲಿಯಾಗುತ್ತವೆ ಎಂಬುದು ಇದರಿಂದ ತಿಳಿಯುತ್ತದೆ.

ಅವಳ ತಾಯಿ ಸಾಲಿನಿಂದ ಎದ್ದು ಬಂದು, ಸೆರಗಿಗೆ ಕೈ ಒರೆಸಿಕೊಂಡು, “ಎರಡ ತಿಂಗಳ ಅಷ್ಟರೀ ಅಕ್ಕೋರ, ಆಮ್ಯಾಲ ಕಳಸ್ತೀವ್ರಿ. ಮುಂಗಡ ತಗೊಂಡೇವ್ರಿ” ಎಂದಳು. ಅದರಲ್ಲಿ ಕಪಟವಿರಲಿಲ್ಲ. ಶಿಕ್ಷಣದ ಹಕ್ಕಿನ ಕಾಯಿದೆ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿದೆ. ಅದು ೬ರಿಂದ ೧೪ ವರ್ಷದವರಿಗೆ. ಬಾಲಕಾರ್ಮಿಕ ಕಾಯಿದೆಯ ೨೦೧೬ರ ತಿದ್ದುಪಡಿ ೧೪ ವರ್ಷದೊಳಗಿನವರನ್ನು ಕೂಲಿಗೆ ಹಚ್ಚಬಾರದೆನ್ನುತ್ತದೆ. ೧೪ರಿಂದ ೧೮ರವರಿಗೆ ಅಪಾಯದ ಉದ್ಯೋಗಗಳು ಮಾತ್ರ ನಿಷಿದ್ಧ. ಆ ಹುಡುಗಿಗೆ ೧೫ ನಡೆಯುತ್ತಿತ್ತು. ಒಂದು ಕಾಯಿದೆಯ ಬಾಗಿಲು ಅವಳ ಹಿಂದೆ ಮುಚ್ಚಿತ್ತು, ಇನ್ನೊಂದರ ಬಾಗಿಲು ಅವಳಿಗಾಗಿ ತೆರೆದಿರಲಿಲ್ಲ. ಈ ನಡುವಿನ ಜಾಗದಲ್ಲಿ ನಿಂತ ಮಕ್ಕಳಿಗೆ, ಅವರು ಬಂದಿಲ್ಲವೆಂದು ಗಮನಿಸುವ ಯಾರಾದರೊಬ್ಬರು ಇರುವುದೇ ದೊಡ್ಡ ರಕ್ಷೆ. ಎರಡು ವಾರ ಆ ‘ಯಾರಾದರೊಬ್ಬರು’ ನಾನಾಗಬೇಕಿತ್ತು.

ವಿಜ್ಞಾನ ಶಿಕ್ಷಕಿ ತಾಯಿಯೊಡನೆ ವಾದಕ್ಕಿಳಿಯಲಿಲ್ಲ. ವಾರಕ್ಕೆ ಎರಡು ದಿನ ಬೇರೆ ಯಾರಾದರೂ ಸಾಲು ಹಿಡಿಯಲಿ, ಹುಡುಗಿಯನ್ನು ಕಳಿಸಿ ಎಂದು ಕೇಳಿದರು. ಸಾಕಷ್ಟು ಚೌಕಾಸಿಯ ಮೇಲೆ ಅದು ಒಪ್ಪಿಗೆಯಾಯಿತು. ಉಳಿದ ದಿನಗಳ ಪಾಠಗಳನ್ನು ನಾನು ಬರೆದುಕೊಟ್ಟು, ಕತ್ತಲಾದ ಮೇಲೆ ಅವಳ ನೆರೆಮನೆಯ ಸಹಪಾಠಿಯ ಕೈಯಲ್ಲಿ ಕಳಿಸುವುದೆಂದಾಯಿತು. ಇದು ಸರಿಯಾದ ಪರಿಹಾರವೇ? ಅಲ್ಲ. ಐದು ದಿನದ ಕಲಿಕೆ ಎರಡು ದಿನಕ್ಕೆ ಇಳಿದದ್ದನ್ನು ಪರಿಹಾರವೆನ್ನಲು ನಾಚಿಕೆಯಾಗುತ್ತದೆ. ಆದರೆ ಶೂನ್ಯಕ್ಕಿಂತ ಎರಡು ದೊಡ್ಡದು. ಆ ಹೊಲದ ಬದುವಿನ ಮೇಲೆ ನಿಂತಾಗ ನಮಗೆ ದೊರೆತದ್ದು ಅಷ್ಟೇ.

ಅವಳು ಬಂದ ಮೊದಲ ದಿನ ಹೂವಿನ ಪಾಠ ನನ್ನ ಸರದಿಯಾಗಿತ್ತು. ದಾಸವಾಳದ ದೊಡ್ಡ ಚಿತ್ರವನ್ನು ಎರಡು ರಾತ್ರಿ ಕುಳಿತು ಬರೆದಿದ್ದೆ. ಅದನ್ನು ಸುತ್ತಿಟ್ಟು, ಅವಳಿಗೆ ಹತ್ತಿಯ ಮೊಗ್ಗುಗಳನ್ನು ತರಹೇಳಿದ್ದೆ. ಅವಳು ಮೇಜಿನ ಬಳಿ ನಿಂತು, ಮೊಗ್ಗನ್ನು ಎಡಗೈಯಲ್ಲಿ ಹಿಡಿದು, ಹೆಬ್ಬೆರಳ ಉಗುರನ್ನು ಒಮ್ಮೆ ತಿರುಗಿಸಿದಳು. ಕೇಸರಗಳ ಕವಚ ಟೋಪಿಯಂತೆ ಕಳಚಿಕೊಂಡು ಬಂದಿತು. ಒಳಗೆ ಎಳೆಯ ಅಂಡಾಶಯ, ಅದರ ಮೇಲೆ ಶಲಾಕೆ, ತುದಿಯಲ್ಲಿ ಶಲಾಕಾಗ್ರ. “ಉಗುರು ಆಳಕ್ಕ ಹೋದ್ರ ಕಾಯಿ ಉದರತೈತಿ” ಎಂದಳು. ಏಕೆ ಉದುರುತ್ತದೆ ಎಂದು ಒಬ್ಬ ಹುಡುಗ ಕೇಳಿದ. ಅವಳಿಗೆ ಗೊತ್ತಿರಲಿಲ್ಲ. ಪುಸ್ತಕ ತೆಗೆದು ಅಂಡಾಶಯವೇ ಕಾಯಾಗುವುದೆಂಬ ಸಾಲನ್ನು ಅವಳೇ ಓದಿದಳು, ಓದುತ್ತ ನಿಂತಳು, ಮತ್ತೊಮ್ಮೆ ಓದಿದಳು. ಎಷ್ಟೋ ದಿನಗಳಿಂದ ಕೈ ಬಲ್ಲದ್ದನ್ನು ಅಂದು ಅವಳ ತಲೆಯೂ ಬಲ್ಲದಾಯಿತು. ತರಗತಿಯಲ್ಲಿ ಅಷ್ಟು ನಿಶ್ಶಬ್ದವನ್ನು ನನ್ನ ಯಾವ ಪಾಠಯೋಜನೆಯೂ ಸಾಧಿಸಿರಲಿಲ್ಲ. ಪಾಠವನ್ನು ಪರೀಕ್ಷಿಸಲು ಬಂದಿದ್ದ ನಮ್ಮ ಮೇಲ್ವಿಚಾರಕರು ಮಾತ್ರ, ಸಿದ್ಧಪಡಿಸಿದ ಬೋಧನೋಪಕರಣವನ್ನು ಬಳಸಲಿಲ್ಲವೆಂದು ಎರಡು ಅಂಕ ಕಳೆದರು. ನಿಯಮದ ಪ್ರಕಾರ ಅವರದು ಸರಿ.

ಪಾಠ ಹೇಳಿಯೇ ಪಾಠ ಹೇಳುವುದನ್ನು ಕಲಿಯಬೇಕು, ಈಜು ಕಲಿಯಲು ದಡದಲ್ಲಿ ಕುಳಿತರಾದೀತೇ ಎಂದು ಕೆಲವು ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಬಾವಿಗೆ ಇಳಿಯುವ ಮೊದಲು ಎಲ್ಲಿ ಆಳವಿದೆ, ಎಲ್ಲಿ ಕಲ್ಲಿದೆ ಎಂದು ದಡದಲ್ಲಿ ನಿಂತು ನೋಡದವನನ್ನು ನಾವು ಧೀರನೆನ್ನುವುದಿಲ್ಲ. ನನ್ನ ಸಲಹೆ ದೊಡ್ಡದೇನೂ ಅಲ್ಲ. ಪ್ರಶಿಕ್ಷಣಾರ್ಥಿಗಳು ಕೊಡಬೇಕಾದ ಪಾಠಗಳ ಸಂಖ್ಯೆಯನ್ನು ಕೊಂಚ ಇಳಿಸಲಿ. ಆ ಸಮಯದಲ್ಲಿ ಒಂದು ಮಗುವಿನ ಬಗ್ಗೆ, ಗುಣ ದೋಷಗಳ ತೀರ್ಪು ಕೊಡದೆ, ಕಂಡದ್ದನ್ನು ಕಂಡಂತೆ ಕೆಲವು ಪುಟ ಬರೆಯಲಿ. ಬರೆದದ್ದನ್ನು ಅಧ್ಯಾಪಕರು ನಿಜವಾಗಿ ಓದಲಿ. ಗೆಳತಿಯ ಅವಲೋಕನ ಪುಸ್ತಕವನ್ನು ಬಸ್ಸಿನಲ್ಲಿ ಕುಳಿತು ನಕಲು ಮಾಡುವವರನ್ನು ನಾನು ಬಲ್ಲೆ; ಯಾರೂ ಓದುವುದಿಲ್ಲವೆಂದು ತಿಳಿದೇ ಅವರು ಹಾಗೆ ಮಾಡುತ್ತಾರೆ.

ಇದಕ್ಕಿಂತ ಗಂಭೀರವಾದ ಆಕ್ಷೇಪವನ್ನು ಆ ವಿಜ್ಞಾನ ಶಿಕ್ಷಕಿಯೇ ಎತ್ತಿದರು. ನನ್ನ ಎಂಟು ವಾರಗಳು ಮುಗಿಯುತ್ತ ಬಂದಿದ್ದವು. “ಅಲ್ರಿ, ಆಕಿ ಈಗ ಏನಿದ್ರೂ ನಿಮ್ಮನ್ನ ಕೇಳ್ತಾಳ. ಸೋಮವಾರ ನೀವು ಇರೂದಿಲ್ಲ. ಆಗ ಯಾರನ್ನ ಕೇಳಬೇಕು ಆಕಿ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಬಂದು, ಅಕ್ಕರೆ ತೋರಿಸಿ, ಅಂಕ ಪಡೆದು ಹೋಗಿಬಿಡುವ ಮಾರ್ಗದರ್ಶಕರಿಂದ ಮಗುವಿಗೆ ಒಳಿತಿಗಿಂತ ಕೆಡುಕೇ ಹೆಚ್ಚಾಗಬಹುದು. ನಾವು ಬಿಟ್ಟುಹೋಗುವುದನ್ನು ಯಾರಿಗಾದರೂ ಒಪ್ಪಿಸಿ ಹೋಗುವ ಕ್ರಮವೇ ನಮ್ಮ ತರಬೇತಿಯಲ್ಲಿಲ್ಲ. ನಮ್ಮ ಪುಸ್ತಕಗಳೆಲ್ಲ ನಮ್ಮೊಡನೆ ಕಾಲೇಜಿಗೆ ಹಿಂದಿರುಗಿ, ಅಲ್ಲಿ ಕಪಾಟು ಸೇರುತ್ತವೆ. ಆ ರಾತ್ರಿ ನಾನು ಐವರು ಮಕ್ಕಳ ಪುಟಗಳನ್ನೂ ಮತ್ತೊಮ್ಮೆ ಬರೆದೆ. ಯಾರಿಗೆ ಯಾವುದು ತಿಳಿಯುತ್ತದೆ, ಯಾವುದು ತಿಳಿಯುವುದಿಲ್ಲ, ಯಾರ ಮನೆಯಲ್ಲಿ ರಾತ್ರಿ ಓದಲು ದೀಪ ಸಿಗುತ್ತದೆ, ಯಾರು ಯಾರೊಡನೆ ಮಾತಾಡುತ್ತಾರೆ, ಇಂಥವನ್ನೇ. ಶನಿವಾರ ಅವನ್ನು ತರಗತಿ ಶಿಕ್ಷಕಿಯ ಕೈಗಿತ್ತೆ; ಆ ಐವರ ಎದುರಿನಲ್ಲಿಯೇ ಕೊಟ್ಟೆ, ತಮ್ಮನ್ನು ಯಾರಿಗೆ ಒಪ್ಪಿಸಲಾಗಿದೆ ಎಂಬುದು ಅವರಿಗೂ ತಿಳಿದಿರಲೆಂದು.

ಆ ವರ್ಷ ಹುಡುಗಿ ಪರೀಕ್ಷೆಗೆ ಕುಳಿತಳು. ವಿಜ್ಞಾನದಲ್ಲಿ ಒಳ್ಳೆಯ ಅಂಕಗಳು ಬಂದವು, ಗಣಿತ ಉಳಿಯಿತು. ಎರಡನೆಯ ಪ್ರಯತ್ನದಲ್ಲಿ ಅದನ್ನೂ ಮುಗಿಸಿದಳೆಂದು ವಿಜ್ಞಾನ ಶಿಕ್ಷಕಿ ತಿಳಿಸಿದರು. ಮುಂದೆ ಕಾಲೇಜಿಗೆ ಸೇರಿದಳೇ, ಅಥವಾ ಮತ್ತೆ ಹತ್ತಿಯ ಸಾಲಿಗೇ ಹೋದಳೇ ಎಂದು ಕೇಳಿ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.